ರುಕವತದಲ್ಲಿ ಒಂದು ಕರಿ ಡಬ್ಬಿ

ಕನ್ನಡಿ ನಡುಗುತ್ತಿದೆ, ಅದರೊಳಗಿನ ನನ್ನ ಮುಖಕ್ಕೆ ಎರಡು ಅಂಚು, ಎರಡು ಮೂಗುತಿ, ಹೊರಗೆ ಯಾರೋ ಜನರೇಟರ್ ಚಾಲೂ ಮಾಡಿರಬೇಕು, ಈ ಕೋಣೆಯ ಗೋಡೆ ಗೋಡೆಯೇ ಅಲ್ಲ, ಮಂಗಲ ಕಾರ್ಯಾಲಯದವರು ಒಂದು ಕೋಣೆಯನ್ನು ಎರಡು ಮಾಡಲು ನಡುವೆ ತೆಳು ಪ್ಲೈ ಹೊಡೆದಿದ್ದಾರೆ, ಹಿಂದೆ ಒಂದು ಅಡ್ಡಪಟ್ಟಿಯೂ ಇಲ್ಲ, ಎದೆಮಟ್ಟಕ್ಕೆ ಒಂದೇ ಒಂದು ಪಟ್ಟಿ ಕೊಟ್ಟಿದ್ದರೆ ಇಷ್ಟು ನಡುಗುತ್ತಿರಲಿಲ್ಲ, ಯಾವ ಪುಣ್ಯಾತ್ಮ ಮಾಡಿದನೋ — ತಲಿ ಅಲಗಸಬ್ಯಾಡ್ರಿ ಅಕ್ಕಾ, ಪಾರ್ಲರಿನ ಸಾರಿಕಾ ಹಲ್ಲಿನಲ್ಲಿ ಪಿನ್ನು ಕಚ್ಚಿಕೊಂಡೇ ಹೇಳುತ್ತಾಳೆ, ನನ್ನ ಕೂದಲಿನ ಒಂದು ಬದಿ ಕಟ್ಟಿಯಾಗಿದೆ, ಇನ್ನೊಂದು ಬದಿ ಹೆಗಲ ಮೇಲೆ ಹರಡಿ ಬಿದ್ದಿದೆ, ನಾನು ಅಲುಗುತ್ತಿಲ್ಲ ತಾಯಿ, ಗೋಡೆ ಅಲುಗುತ್ತಿದೆ, ಕನ್ನಡಿಯ ಮುಂದಿಟ್ಟ ಲೋಟದ ನೀರು ನೋಡು, ನಡುವಿನಿಂದ ಒಂದು ಉಂಗುರ ಹುಟ್ಟುತ್ತದೆ, ಅಂಚಿಗೆ ಬಂದು ಸಾಯುತ್ತದೆ, ಅದು ಸಾಯುವ ಮೊದಲೇ ಇನ್ನೊಂದು ಹುಟ್ಟುತ್ತದೆ, ಈ ಉಂಗುರಗಳನ್ನು ನೋಡಿ ನೋಡಿ ಈಗ ಕಣ್ಣು ಮುಚ್ಚಿದರೂ ಅವೇ. ಮದುವೆ ನನ್ನದು, ಅಕ್ಷತೆ ಇನ್ನೇನು ಬೀಳುವುದರಲ್ಲಿದೆ, ಹಾರೂಗೇರಿಯ ಅರ್ಧ ಪೇಟೆ, ನಿಪ್ಪಾಣಿಯಿಂದ ಎರಡು ಬಸ್ಸು ತುಂಬ ಬೀಗರು ಬಂದು ಕೂತಿದ್ದಾರೆ, ನನ್ನ ಜೀವ ಮಾತ್ರ ಈ ಪ್ಲೈ ಗೋಡೆಯ ಆಚೆ, ರುಕವತದ ಮೇಜಿನ ಕೆಳಗೆ, ಬಿಳಿ ಬಟ್ಟೆಯ ಮರೆಯಲ್ಲಿ ಕೂರಿಸಿಟ್ಟ ಕರಿ ಡಬ್ಬಿಯಲ್ಲಿದೆ. ನಾನು ಮಾಡಿದ ಸ್ಪೀಕರಿನ ಬೇಸ್ ಡಬ್ಬಿ, ನಾನೇ ಕೊಯ್ದು, ನಾನೇ ಅಂಟಿಸಿ, ಒಳಗೆ ನಾನೇ ಆಸರೆ ಕೊಟ್ಟು ನಿಲ್ಲಿಸಿದ್ದು. ಅದು ಮೇಜಿನ ಕೆಳಗಲ್ಲ, ಎಲ್ಲರ ಕಣ್ಣಿಗೆ ಬೀಳುವಂತೆ ಎದುರಿಗೆ ಇರಬೇಕು, ಇದು ನಮ್ಮ ಬ್ರಾಹ್ಮಿ ಮಾಡಿದ್ದು ಎಂದು ನಮ್ಮ ಮನೆಯವರು ಒಬ್ಬರಾದರೂ ಬಾಯಿಬಿಟ್ಟು ಹೇಳಬೇಕು, ಅದಾಗದೆ ನಾನು ಹಸೆಗೆ ಹೋಗಿ ಕೂರುವವಳಲ್ಲ, ಬೆಳಗ್ಗೆ ಅವ್ವನಿಗೆ ಇಷ್ಟೇ ಹೇಳಿದೆ, ಅವ್ವ ಅದನ್ನು ಕೇಳಿಸಿಕೊಳ್ಳದವಳಂತೆ ಹೂವಿನ ಬುಟ್ಟಿ ಎತ್ತಿಕೊಂಡು ಹೋದಳು.

ರುಕವತ, ಮದುಮಗಳು ತನ್ನ ಕೈಯಾರೆ ಮಾಡಿದ್ದನ್ನೆಲ್ಲ ಮಂಟಪದ ಬದಿಗೆ ಮೇಜಿನ ಮೇಲೆ ಹರವಿಡುವುದು, ಬೀಗರ ಕಡೆಯ ಹೆಂಗಸರು ಬಂದು ಬಗ್ಗಿ ನೋಡುವುದು, ಮುಟ್ಟುವುದು, ತಿರುವಿ ಹಾಕುವುದು, ಹೂಂ ಚಲೋ ಐತಿ ಎಂದು ಒಬ್ಬರ ಮುಖ ಒಬ್ಬರು ನೋಡುವುದು — ನಿಶ್ಚಯದ ದಿನ ಮದುಮಗ ಅಭಿನಂದನನ ಅವ್ವ ನಮ್ಮ ತೋಟದ ಮನೆಯ ಪಡಸಾಲೆಯಲ್ಲಿ ಕೂತು, ಅವಲಕ್ಕಿಯ ತಾಟು ಕೆಳಗಿಟ್ಟು, ನಮಗ ಬ್ಯಾರೇ ಏನೂ ಬ್ಯಾಡ್ರಿ ಬೀಗತೇರ, ರುಕವತ ಮಾತ್ರ ಹುಡುಗಿ ಕೈಯಾರೆ ಮಾಡಿದ್ದಽ ಇರಬೇಕು, ನಮ್ಮ ಮನಿ ಪದ್ಧತಿ ಅದು ಎಂದರು, ಅವ್ವ ಒಂದು ಕ್ಷಣವೂ ತಡೆಯದೆ, ಎಲ್ಲಾ ನಮ್ಮ ಬ್ರಾಹ್ಮೀನಽ ಮಾಡತಾಳ್ರಿ, ಆಕೀ ಕೈ ಸುಮ್ಮ ಇರೂದಽ ಇಲ್ಲ. ಅದು ನಿಜ, ನನ್ನ ಕೈ ಸುಮ್ಮನಿರುವುದಿಲ್ಲ, ಆದರೆ ಅವ್ವ ಮಾಡಿದ್ದೇನು, ಬೀಗರು ಗೇಟು ದಾಟುವ ಮೊದಲೇ ಚಿಕ್ಕೋಡಿಯ ಅಂಗಡಿಗೆ ಫೋನು, ಥರ್ಮೋಕೋಲಿನ ಪಲ್ಲಕ್ಕಿ, ಮುತ್ತು ಅಂಟಿಸಿದ ತೆಂಗಿನಕಾಯಿ, ಅಕ್ಕಿಯಲ್ಲಿ ಮಾಡಿದ ನವಿಲು, ಎಲ್ಲ ಬಾಡಿಗೆಗೆ, ಅಕ್ಷತೆ ಬಿದ್ದು ಊಟ ಮುಗಿದ ಮೇಲೆ ವಾಪಸು. ಆ ನವಿಲನ್ನು ನಾನು ಬಲ್ಲೆ, ಹೋದ ವರ್ಷ ಅಥಣಿಯಲ್ಲಿ ನಮ್ಮ ಮೇಘಾಳ ಮದುವೆಯಲ್ಲೂ ಅದೇ ಕೂತಿತ್ತು, ಕುತ್ತಿಗೆ ಮುರಿದದ್ದಕ್ಕೆ ಸೆಲೋಟೇಪು ಸುತ್ತಿದ್ದಾರೆ, ಆ ಟೇಪು ಈಗಲೂ ಇದೆ. ಮುರಿದ ಕುತ್ತಿಗೆಯ ಬಾಡಿಗೆ ನವಿಲು ನನ್ನ ಹೆಸರಿನಲ್ಲಿ ಮೇಜಿನ ಮೇಲೆ, ನಾನು ಮಾಡಿದ ಡಬ್ಬಿ ಮೇಜಿನ ಕೆಳಗೆ, ಯಾಕವ್ವ ಎಂದರೆ ಲಗ್ನದಾಗ ಕರೀದ ಯಾಕಬೇ, ಅಪಶಕುನ, ಬಣ್ಣ ಬದಲಿಸುತ್ತೇನೆ ಎಂದರೆ, ಬಣ್ಣದ ಮಾತಲ್ಲಬೇ ಅದು, ಗರಗಸಾ ಹಿಡಿಯೂ ಸೊಸಿ ಅಂದ್ರ ನಾಕ ಮಂದಿ ನಗತಾರ. ನಗಲಿ. ನಕ್ಕರೆ ಯಾರ ಮನೆಯ ಹಂಚು ಹಾರಿ ಹೋಗುತ್ತದೆ. ಅಪ್ಪನೂ ಹೀಗೇ, ನನ್ನ ಅಪ್ಪ ಭೂಪಾಲ, ಬೈಯುವವನಲ್ಲ, ಅಡ್ಡ ಬರುವವನಲ್ಲ, ಶೆಡ್ಡಿನ ಬಾಗಿಲಲ್ಲಿ ನಿಂತು ನಾನು ಕೊಯ್ಯುವುದನ್ನು ನೋಡಿ, ಮಾಡು ಮಗಾ, ಮಾಡು, ಹೊರಗ ಮಾತ್ರ ಹೇಳಬ್ಯಾಡ. ಅಭಿನಂದನನಿಗೆ ಫೋನಿನಲ್ಲಿ ಹೇಳಿದರೆ ಅವನು ಖುಷಿಪಟ್ಟ, ನಿಜವಾಗಿಯೂ ಖುಷಿಪಟ್ಟ, ತಗೊಂಡ ಬಾ, ಮಾಳಗೀ ಮ್ಯಾಲ ನಮ್ಮ ಖೋಲಿಯಾಗ ಇಡೂಣು, ಆದ್ರ ಅವ್ವಗ ಗೊತ್ತಾಗಬಾರದು ನೋಡ. ಎಲ್ಲರೂ ಒಳ್ಳೆಯವರೇ, ಎಲ್ಲರೂ ಒಪ್ಪುವವರೇ, ಬಾಗಿಲು ಹಾಕಿಕೊಂಡು ಒಪ್ಪುತ್ತಾರೆ. ನನಗೆ ಇವರ ಬೈಗುಳಕ್ಕಿಂತ ಈ ಪಿಸುಮಾತಿನ ಒಪ್ಪಿಗೆಯ ಮೇಲೇ ಹೆಚ್ಚು ಸಿಟ್ಟು.

ಅಯ್ಯೋ, ಮೆಲ್ಲಗ, ನೆತ್ತಿಗೆ ಚುಚ್ಚಿದಳು — ಆತ್ರೀ ಅಕ್ಕಾ, ಆತು, ಇನ್ನೊಂದೀಟ — ಆಚೆಗೆ ಯಾರೋ ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಯುತ್ತಿದ್ದಾರೆ, ನಮ್ಮದೇ, ರುಕವತ ಹೇರಿಕೊಂಡು ಬಂದದ್ದು, ಶಬ್ದದಲ್ಲೇ ಗೊತ್ತಾಗುತ್ತದೆ, ಚಿಕ್ಕಂದಿನಿಂದ ನನಗೆ ಹಾಗೇ, ಕಬ್ಬಿನ ಸೀಜನ್ನಿನಲ್ಲಿ ಉಗಾರದ ಫ್ಯಾಕ್ಟರಿ ಕಡೆ ಹೋಗುವ ಟ್ರ್ಯಾಕ್ಟರುಗಳು ನಮ್ಮ ತೋಟದ ಮುಂದೆಯೇ ಹೋಗುತ್ತವೆ, ಎರಡೆರಡು ಟ್ರೇಲರ್ ಕಟ್ಟಿಕೊಂಡು, ಟೇಪು ಹಚ್ಚಿಕೊಂಡು, ಹಾಡು ಕೇಳುವ ಮೊದಲು ಅದರ ಬೇಸ್ ಬರುತ್ತಿತ್ತು, ಕಿವಿಗಲ್ಲ, ಹೊಟ್ಟೆಗೆ, ಅಂಗಳದಲ್ಲಿ ಕೂತರೆ ನೆಲದಿಂದ ತೊಡೆಗೆ ಹತ್ತಿ ಬರುತ್ತಿತ್ತು, ಇದು ಬಾಬಾಸಾಹೇಬ ಕಾಕಾಂದು, ಇದು ಕಾಗವಾಡದವರದು ಎಂದು ನಾನು ಕಣ್ಣುಮುಚ್ಚಿ ಹೇಳುತ್ತಿದ್ದೆ, ನನಗೆ ಆ ದನಿ ಇಷ್ಟ, ಇಷ್ಟ ಅಂದರೆ ಇಷ್ಟ, ಹುಡುಗಿಯರಿಗೆ ಗೆಜ್ಜೆಯ ದನಿ ಇಷ್ಟವಾಗಬೇಕು ಅನ್ನುವವರು ಅನ್ನಲಿ. ನಮ್ಮ ಅಪ್ಪನ ಡಬ್ಬಿ ಮಾತ್ರ ಮಾನ ಕಳೆಯುತ್ತಿತ್ತು, ಡೊಳ್ಳಿನ ಪದ ಹಚ್ಚಿದರೆ ಡೊಳ್ಳಿನ ಜೊತೆಗೆ ಡಬ್ಬಿಯೂ ಬರ್ರ್ ಅನ್ನುತ್ತಿತ್ತು, ನೊಣ ಸಿಕ್ಕಿಹಾಕಿಕೊಂಡ ಡಬ್ಬಿಯ ಹಾಗೆ, ಕೊನೆಗೆ ಒಂದು ಮೂಲೆ ಬಾಯಿಬಿಟ್ಟಿತು, ಅಪ್ಪ ಕಿತ್ತು ಶೆಡ್ಡಿನ ಮೂಲೆಗೆ ಎಸೆದ. ಅದನ್ನು ಮಾಡಿಕೊಟ್ಟಿದ್ದ ಅಮೋಲನ ಅಂಗಡಿ ಇಲ್ಲೇ, ಈ ಕಾರ್ಯಾಲಯದ ಹಿಂದಿನ ಓಣಿಯಲ್ಲಿ, ಈ ಕಡೆಯ ಅರ್ಧ ಟ್ರ್ಯಾಕ್ಟರುಗಳಿಗೆ ಡಬ್ಬಿ ಅವನದೇ, ಹೋಗಿ ಕೇಳಿದೆ, ಅಮೋಲಣ್ಣ, ಡಬ್ಬಿ ಯಾಕ ನಡಗತೈತಿ, ಒಳಗ ಏನ ಇರತೈತಿ, ಅವನು ನಕ್ಕ, ಕೆಟ್ಟ ನಗೆಯಲ್ಲ ಅದು, ಸಣ್ಣ ಮಕ್ಕಳಿಗೆ ನಗುವ ನಗೆ, ಒಳಗ ಏನಿರತೈತಿ ತಂಗೀ, ಗಾಳಿ, ನಿನಗ್ಯಾಕ ಬೇಕ ಇದರ ಉಸಾಬರಿ, ಮಿಕ್ಸರ್ ಕೆಟ್ಟಿದ್ರ ತಗೊಂಬಾ ಮಾಡಿ ಕೊಡತೇನಿ. ಮನೆಗೆ ಬಂದು ಆ ಒಡೆದ ಡಬ್ಬಿಯನ್ನು ಸ್ಕ್ರೂ ಬಿಚ್ಚಿ ನೋಡಿದೆ, ಅವನು ಹೇಳಿದ್ದು ಸುಳ್ಳಲ್ಲ, ಒಳಗೆ ಗಾಳಿಯೇ, ಬರೀ ಗಾಳಿ, ಆರು ಹಲಗೆ ಒಂದನ್ನೊಂದು ಮೂಲೆಯಲ್ಲಷ್ಟೇ ಹಿಡಿದುಕೊಂಡು ನಡುವೆ ಹೊಟ್ಟೆ ಬಿಟ್ಟು ನಿಂತಿದ್ದವು, ಎದುರಿನ ದುಂಡು ಸ್ಪೀಕರ್, ವೂಫರ್, ಒಂದು ಸಲ ಉಸಿರು ಬಿಟ್ಟರೆ ಇವೂ ಉಬ್ಬುತ್ತವೆ, ಎಳೆದುಕೊಂಡರೆ ಇವೂ ತಗ್ಗುತ್ತವೆ, ನಡುಗದೆ ಏನು ಮಾಡಬೇಕು, ಪಾಪ. ಹಲಗೆಗೆ ಆಸರೆ ಬೇಕು, ಒಳಗಿನಿಂದ, ಯಾರಿಗೂ ಕಾಣದ ಕಡೆಯಿಂದ.

ಮತ್ತೆ ಶುರು ಮಾಡಿದೆ, ಹಳೆಯ ವೂಫರ್ ಚೆನ್ನಾಗಿಯೇ ಇತ್ತು, ಪ್ಲೈ ಅಪ್ಪ ತಂದುಕೊಟ್ಟ, ಕೋಳಿಗೂಡಿಗೆ ಅಂತ ಅಂಗಡಿಯವನಿಗೆ ಹೇಳಿದನಂತೆ, ಜೈನರ ಮನೆಯಲ್ಲಿ ಕೋಳಿಗೂಡು, ನಾನು ಮಾಡುವ ಡಬ್ಬಿಗಿಂತ ಆ ಸುಳ್ಳೇ ಅವನಿಗೆ ಹಗುರ ಅನ್ನಿಸಿತು ನೋಡು, ಎಂಥ ಅಪ್ಪ. ಗುರುತು ಹಾಕಿದೆ, ಕೊಯ್ದೆ, ಎದುರಿನ ಹಲಗೆಯಲ್ಲಿ ವೂಫರಿಗೆ ದುಂಡಗೆ ಕಿಂಡಿ ತೆಗೆದೆ, ಗರಗಸ ಜಾರಿ ಒಂದು ಕಡೆ ಗೆರೆ ತಪ್ಪಿತು, ಪುಟ್ಟಿ ತುಂಬಿ ಉಜ್ಜಿದೆ, ಅಂಟು ಹಚ್ಚಿದ ಮೇಲೆ ಹಲಗೆಗಳನ್ನು ಬಿಗಿದು ಹಿಡಿಯಲು ಬಡಿಗೇರರ ಹತ್ತಿರ ಇರುವಂಥ ಕ್ಲ್ಯಾಂಪು ನನ್ನಲ್ಲಿಲ್ಲ, ಆಗ ಅಪ್ಪ ಒಂದೇ ಒಂದು ಸಲ ಬಾಗಿಲು ಬಿಟ್ಟು ಒಳಗೆ ಬಂದ, ಕಬ್ಬಿನ ಟ್ರೇಲರಿಗೆ ಕಟ್ಟುವ ಹಗ್ಗವನ್ನು ಡಬ್ಬಿಗೆ ಸುತ್ತು ಹಾಕಿ, ನಡುವೆ ಒಂದು ಕಟ್ಟಿಗೆ ತೂರಿಸಿ ತಿರುವಿದ, ತಿರುವಿದ ಹಾಗೆ ಹಗ್ಗ ಕಚ್ಚಿಕೊಂಡಿತು, ಹಲಗೆಗಳ ಸಂದಿನಿಂದ ಅಂಟು ಬೆವರಿನಂತೆ ಹೊರಬಂತು, ನಾನು ಬೆರಳಿನಿಂದ ಒರೆಸಿದೆ, ಅಪ್ಪ ಹೋಗಿ ಮತ್ತೆ ಬಾಗಿಲಲ್ಲಿ ನಿಂತ. ಆಮೇಲೆ ಪರೀಕ್ಷೆ, ಮುಚ್ಚಳವನ್ನು ಸ್ಕ್ರೂ ಹಾಕಿ ಕೂರಿಸಿ, ಅದರ ಮೇಲೆ ಸ್ಟೀಲಿನ ಬಟ್ಟಲಲ್ಲಿ ನೀರಿಟ್ಟು, ಟ್ರ್ಯಾಕ್ಟರಿನ ಬ್ಯಾಟರಿಗೆ ದನಿ ಏರಿಸುವ ಆಂಪ್ಲಿ ಕೂಡಿಸಿ, ಅಪ್ಪನ ಡೊಳ್ಳಿನ ಪದ ಹಚ್ಚಿದೆ, ನೀರು ಕುಣಿಯಿತು, ಬಟ್ಟಲು ಬಿಟ್ಟು ಹೊರಗೇ ಹಾರಿತು. ಮೂಲೆಗಳಿಗೆ ಪಟ್ಟಿ ಹೊಡೆದೆ, ಬದಿಯ ಹಲಗೆಗಳ ನಡುವೆ ಅಡ್ಡ ಆಸರೆ ಕೊಟ್ಟೆ, ಬದಿಗಳು ಸುಮ್ಮನಾದವು, ಗೆಣ್ಣಿನಿಂದ ತಟ್ಟಿದರೆ ಮೊದಲು ಡೋಲಿನ ಹಾಗೆ ಅನ್ನುತ್ತಿದ್ದದ್ದು ಈಗ ಕಲ್ಲಿನ ಹಾಗೆ ಠಕ್ ಎಂದಿತು, ಆದರೆ ಮುಚ್ಚಳ, ಮುಚ್ಚಳದ ಮೇಲಿನ ನೀರು, ನಡುವಿನಿಂದ ಒಂದು ಉಂಗುರ. ಮುರಿದ ಸಲಿಕೆಯ ಹಿಡಿಕೆಯನ್ನು ಕೊಯ್ದು ಮುಚ್ಚಳಕ್ಕೂ ತಳಕ್ಕೂ ನಡುವೆ ಕಂಬದ ಹಾಗೆ ನಿಲ್ಲಿಸಿದೆ, ಉಂಗುರ ನಡುವೆ ಸತ್ತು, ಬಟ್ಟಲು ಆಚೀಚೆ ಸರಿಸಿದರೆ ಅಲ್ಲಿ ಹುಟ್ಟಿತು, ಎರಡು ಕಡೆ, ಒಂದಿದ್ದದ್ದು ಎರಡಾಯಿತು. ಅವತ್ತು ಸಿಟ್ಟಿನಿಂದ ಅತ್ತೆ, ಹೌದು ಅತ್ತೆ, ಬಟ್ಟಲನ್ನು ಗೋಡೆಗೆ ಎಸೆದೆ, ಅಮೋಲನ ನಗು ಕಿವಿಯಲ್ಲಿ, ನಿನಗ್ಯಾಕ ಬೇಕ ಇದರ ಉಸಾಬರಿ. ಕಂಬ ಸಾಲದು, ಗೋಡೆ ಬೇಕು, ಮುಚ್ಚಳದ ಉದ್ದಕ್ಕೂ ಹಿಡಿಯುವ ಒಂದೇ ಅಗಲ ಹಲಗೆ, ಮುಚ್ಚಳವನ್ನೂ ತಳವನ್ನೂ ಒಟ್ಟಿಗೆ ಹಿಡಿದು ನಿಲ್ಲುವಂಥದ್ದು, ಗಟ್ಟಿ, ಒಣಗಿದ, ಎಂದೂ ಬಾಗದ ಕಟ್ಟಿಗೆ, ನಮ್ಮ ತೋಟದಲ್ಲಿ ಏನಿದೆ, ಹಸಿ ಜಾಲಿ, ನೀರು ಕುಡಿದ ನುಗ್ಗೆ, ಇಡೀ ಮನೆಯಲ್ಲಿ ಒಣಗಿದ ಸಾಗವಾನಿ ಎಂದರೆ ಒಂದೇ ಒಂದು, ಅಟ್ಟದ ಮೇಲೆ, ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟದ್ದು.

ಹಸೆಮಣೆ. ಆಯಿಯ ಹಸೆಮಣೆ, ಆಯಿ ಅಂದರೆ ಅಪ್ಪನ ಅವ್ವ, ತಾರಾಬಾಯಿ, ಆಕೆ ತವರಿನಿಂದ ತಂದದ್ದು, ಅದರ ಮೇಲೆ ಕೂತು ಆಕೆ ಈ ಮನೆಗೆ ಬಂದಳು, ಅವಳ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಅದರ ಮೇಲೆ ಕೂತು ಈ ಮನೆಯಿಂದ ಹೋದರು, ನಡುವೆ ತಾವರೆ ಕೆತ್ತಿದೆ, ಕೂತು ಕೂತು ಎಸಳುಗಳು ನುಣುಪಾಗಿವೆ. ಅದನ್ನು ಕೈಗೆತ್ತಿಕೊಂಡಾಗ ನನಗೆ ನೆನಪಾದದ್ದು ನೀಲಮತ್ತೆ, ಅಪ್ಪನ ತಂಗಿ, ನಾನಾಗ ಲಂಗ ಉಡುತ್ತಿದ್ದೆ, ಅವಳ ಮದುವೆ, ನೀಲಮತ್ತೆ ಮಣೆಯ ಮೇಲೆ ಕೂತಿದ್ದಾಳೆ, ಗಂಡಿನವರ ಗಾಡಿ ರಾಯಬಾಗದ ಹತ್ತಿರ ಪಂಕ್ಚರ್ ಆಗಿ ಬರುವುದು ತಡವಾಗಿದೆ, ಅವಳ ಕಾಲು ಜೋಮು ಹಿಡಿದಿದೆ, ಅವ್ವಾ, ಒಂದ ಸಲ ಎದ್ದ ಕಾಲ ಝಾಡಿಸಿಕೋತೇನಿ ಎಂದು ಆಯಿಯನ್ನು ಬೇಡುತ್ತಿದ್ದಾಳೆ, ಆಯಿ ಹೇಳುತ್ತಾಳೆ, ಸುಮ್ಮ ಕುಂಡರು, ಮಣಿ ಮ್ಯಾಲ ಕುಂತ ಹುಡುಗೀನ್ನ ಅಕ್ಷತಿ ಬೀಳೂಮಟಾ ಯಾರೂ ಎಬ್ಬಸೂಹಂಗಿಲ್ಲ, ಹುಡುಗಿ ತಾನಾಗೇ ಏಳೂಹಂಗೂ ಇಲ್ಲ, ಎದ್ದರ ಲಗ್ನ ಮುರದಂಗ. ನೀಲಮತ್ತೆ ಕೂತಳು, ಕಣ್ಣೀರು ಕಾಡಿಗೆಯನ್ನು ಎಳೆದುಕೊಂಡು ಕೆನ್ನೆಗಿಳಿಯಿತು, ನಾನು ಅವಳ ಪಾದ ತಿಕ್ಕುತ್ತಿದ್ದೆ, ಕಲ್ಲಿನಂತೆ ತಣ್ಣಗಿತ್ತು. ಅಷ್ಟು ಹೆಣ್ಣುಗಳನ್ನು ಅಲುಗದಂತೆ ಕೂರಿಸಿದ ಹಲಗೆಗೆ ನನ್ನ ಮುಚ್ಚಳ ಯಾವ ಲೆಕ್ಕ. ಇಲ್ಲ, ನನಗೆ ತಪ್ಪು ಮಾಡುತ್ತಿದ್ದೇನೆ ಅನ್ನಿಸಲಿಲ್ಲ, ಈಗಲೂ ಅನ್ನಿಸುತ್ತಿಲ್ಲ, ವರ್ಷಾನುಗಟ್ಟಲೆ ಅಟ್ಟದಲ್ಲಿ ಮಲಗಿದ್ದು ಒಬ್ಬಳನ್ನು ಸುಮ್ಮನಾಗಿಸಲು ಮಾತ್ರ ಕೆಳಗಿಳಿಯುವುದು ಅದಕ್ಕೂ ಬೇಸರವಾಗಿರಬೇಕು. ಅಡಿಯ ಕಾಲುಪಟ್ಟಿ ಬಿಚ್ಚಿದೆ, ಅಂಚು ಅಳತೆಗೆ ಕೊಯ್ದೆ, ಸಾಗವಾನಿಯ ವಾಸನೆ, ಒಳಗಿನಿಂದ, ಅಷ್ಟು ಹಳೆಯ ಹಲಗೆಯೊಳಗೆ ಅಷ್ಟು ಹೊಸ ವಾಸನೆ ಇತ್ತು, ಗಾಳಿ ಆಚೀಚೆ ಓಡಾಡಲಿ ಎಂದು ನಾಲ್ಕು ಕಿಟಕಿ ಕೊರೆದೆ, ತಾವರೆಯನ್ನು ಮಾತ್ರ ಮುಟ್ಟಲಿಲ್ಲ, ಅದರ ಸುತ್ತ ಕೊರೆದೆ. ಡಬ್ಬಿಯೊಳಗೆ ಮಣೆಯನ್ನು ಎಬ್ಬಿಸಿ ನಿಲ್ಲಿಸಿದೆ, ಮಲಗಿಯೇ ಇದ್ದ ಮಣೆ ಮೊದಲ ಸಲ ಎದ್ದು ನಿಂತಿತು, ಅಂಟು ಹಚ್ಚಿ ಮುಚ್ಚಳ ಕೂರಿಸಿ ಹಗ್ಗ ತಿರುವಿದೆ. ಪರೀಕ್ಷೆ ಮಾತ್ರ ಆಗಲಿಲ್ಲ, ಅಂಟು ಒಣಗುವಷ್ಟರಲ್ಲಿ ಹಳದಿ, ಬಳೆ, ನೆಂಟರು, ಡಬ್ಬಿಯೂ ಆಂಪ್ಲಿಯೂ ಟ್ರೇಲರ್ ಹತ್ತಿದವು, ಆ ಮುಚ್ಚಳದ ಮೇಲೆ ನೀರಿಟ್ಟು ನಾನು ಇನ್ನೂ ನೋಡಿಲ್ಲ, ಇವತ್ತಿಗೂ ಗೊತ್ತಿಲ್ಲ. ಅಟ್ಟದ ಕೆಂಪು ಬಟ್ಟೆ ಖಾಲಿ ಕಾಣಬಾರದೆಂದು ಅದರೊಳಗೆ ವೂಫರಿನ ಕಿಂಡಿಯಿಂದ ಬಿದ್ದ ದುಂಡು ಪ್ಲೈ ತುಂಡನ್ನೇ ಸುತ್ತಿಟ್ಟೆ, ಮದುವೆಯ ದಿನದವರೆಗೆ, ಎರಡು ದಿನ, ಗುಟ್ಟಾಗಿದ್ದರೆ ಸಾಕಿತ್ತು.

ಆಚೆ ಮಾತು ನಿಂತಿತು. ಮಾತು ಜೋರಾದರೆ ಹೆದರಬೇಕಿಲ್ಲ, ನಿಂತರೆ ಹೆದರಬೇಕು, ಮಣೆಯ ಕೆಂಪು ಬಟ್ಟೆ ಬಿಚ್ಚಿದರು ಅಂತ ಕಾಣುತ್ತದೆ — ಇದೇನಬೇ, ರೊಟ್ಟಿ ಹಲಗಿಯಂಥಾದ್ದು, ಆಯಿಯ ದನಿ, ನನ್ನ ಮಣಿ ಎಲ್ಲಿ, ನನ್ನ ಮಣಿ ಎಲ್ಲಿ ಐತಿ — ಸಾರಿಕಾಳ ಕೈ ನನ್ನ ಕೂದಲಲ್ಲೇ ನಿಂತಿತು, ಬಾಗಿಲು ತೆರೆದು ಅವ್ವ ಬಂದಳು, ಅವ್ವನ ಹಿಂದೆ ಅಭಿನಂದನನ ಅವ್ವ, ಅಳಿಯನ ಕಾಲು ತೊಳೆಯಲು ತುಂಬಿದ ತಂಬಿಗೆ ಅವರ ಕೈಯಲ್ಲಿದೆ, ಯಾರೋ ಕೊಟ್ಟು ಹೋಗಿರಬೇಕು, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ, ಅವ್ವನ ಮುಖ ಬಿಳಚಿಕೊಂಡಿದೆ, ಬ್ರಾಹ್ಮೀ, ಮಣಿ ಏನ ಮಾಡಿದಿ. ಇಲ್ಲಿಯೇ ಒಂದು ಸುಳ್ಳು ಹೇಳಬಹುದಿತ್ತು, ಕೋಳಿಗೂಡಿನಂಥದ್ದು, ಬಾಡಿಗೆ ನವಿಲಿನಂಥದ್ದು, ನಮ್ಮ ಮನೆಯಲ್ಲಿ ಅದಕ್ಕೇನು ಬರ. ಡಬ್ಬಿ ಒಳಗ ಐತಿ ಎಂದೆ. ಯಾವ ಡಬ್ಬಿ, ಅಭಿನಂದನನ ಅವ್ವ ಕೇಳಿದರು, ಅವರಿಗೆ ಇನ್ನೂ ಏನೂ ಗೊತ್ತಿಲ್ಲ, ಯಾರೂ ಹೇಳಿಲ್ಲವಲ್ಲ. ನಾ ಮಾಡಿದ ಡಬ್ಬಿ, ಮೇಜಿನ ಕೆಳಗ ಮುಚ್ಚಿಟ್ಟಾರ್ರಿ, ಸ್ಪೀಕರ್ ಡಬ್ಬಿ, ಅದಕ್ಕ ಒಳಗ ಆಸರಾ ಬೇಕಾಗಿತ್ರಿ, ಮಣೀನ್ನ ಕೊಯ್ದ ಹಾಕೇನಿ. ಅವರು ನನ್ನನ್ನು ನೋಡಿದರು, ಅರ್ಧ ಕಟ್ಟಿದ ಕೂದಲು, ಬಳೆ, ಬಳೆಯ ಕೆಳಗೆ ಗರಗಸ ತಾಗಿದ ಗೀರು, ನೋಡಿ ಅವ್ವನ ಕಡೆ ತಿರುಗಿದರು, ಕೈಯಾರೆ ಮಾಡಿದ್ದಽ ಅಂದ್ರಿ ಬೀಗತೇರ, ಆ ನವಲಾ, ಪಲ್ಲಕ್ಕಿ? ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅವೆಲ್ಲಾ ಬಾಡಿಗೀವು, ನಾನೇ ಹೇಳಿದೆ, ನೀವು ಕೈಯಾರೆ ಮಾಡಿದ್ದ ಬೇಕಂದ್ರಲ್ರಿ, ಕೈಯಾರೆ ಮಾಡಿದ್ದು ಅದೊಂದಽ ಐತಿ. ಅವರ ಮುಖದಲ್ಲಿ ಏನಾಯಿತೋ ನನಗೆ ಓದಲಾಗಲಿಲ್ಲ, ದನಿ ಮಾತ್ರ ಗಟ್ಟಿಯಾಯಿತು, ಅದೆಲ್ಲಾ ಆಮ್ಯಾಲ ನೋಡೂಣು, ಮಣಿ ಇಲ್ದ ಅಕ್ಷತಿ ಹೆಂಗ ಬೀಳತಾವು, ಬಿಚ್ಚಿ ತಗೀರಿ ಅದನ್ನ. ಬಿಚ್ಚಾಕ ಬರೂದಿಲ್ರಿ, ಅಂಟ ಹಾಕೇನಿ, ಒಡೀಬೇಕಾಗತೈತಿ. ಒಡೀರಿ ಹಂಗಾರ, ಎಂದರು, ಎಂದು ತಂಬಿಗೆ ಹಿಡಿದುಕೊಂಡೇ ಹೊರಗೆ ಹೋದರು, ಆಚೆಯಿಂದ ಡಬ್ಬಿ ಎಳೆಯುವ ಸದ್ದು, ನೆಲಕ್ಕೆ ಉಜ್ಜುವ ಸದ್ದು, ಎಷ್ಟ ಜಡಾ ಐತಿಲೇ ಇದು, ಯಾರೋ ಗಂಡಸು ದನಿ, ಸುತ್ತಿಗಿ ತಗೊಂಬಾರ್ರಿ ಯಾರರೆ.

ನಾನು ಎದ್ದೆ. ಅಕ್ಕಾ, ಕೂದಲಾ, ಇನ್ನೊಂದ ಬಾಜೂ ಆಗಿಲ್ರಿ, ಆಗದಿದ್ದರೆ ಬಿಡು ಸಾರಿಕಾ, ಸೀರೆ ಎತ್ತಿ ಹಿಡಿದುಕೊಂಡು ಬಾಗಿಲು ದಾಟಿದೆ, ಮಂಟಪದಲ್ಲಿ ಎಷ್ಟು ಮಂದಿ, ಅಷ್ಟೂ ಮುಖ ಒಮ್ಮೆಲೇ ಈ ಕಡೆ, ಮದುಮಗಳು ಹೀಗೆ ಬರುವುದಿಲ್ಲ, ಮಾಮಂದಿರು ಕೈಹಿಡಿದು ಕರೆತರಬೇಕು, ತಲೆ ತಗ್ಗಿಸಿರಬೇಕು, ಇರಲಿ, ಕರಿ ಡಬ್ಬಿ ನಡುಹಾದಿಯಲ್ಲಿ ನಿಂತಿದೆ, ವೈರಿನ ಬಾಲ ಎಳೆದುಕೊಂಡು ಮೇಜಿನ ಕೆಳಗಿಂದ ಹೊರಬಂದಿದೆ, ಎಷ್ಟು ಚಿಕ್ಕದಾಗಿ ಕಾಣುತ್ತಿದೆ ಇಷ್ಟು ದೊಡ್ಡ ಜಾಗದಲ್ಲಿ, ಎಷ್ಟು ಚೆಂದ ಕಾಣುತ್ತಿದೆ, ಬೀಗರ ಕಡೆಯವನೊಬ್ಬ ಸುತ್ತಿಗೆ ಹಿಡಿದು ಎಲ್ಲಿ ಹೊಡೆಯಬೇಕೆಂದು ಬಗ್ಗಿ ನೋಡುತ್ತಿದ್ದಾನೆ, ಸರೀರಿ ಎಂದೆ, ಸರಿದ, ನಾನು ಮುಚ್ಚಳದ ಮೇಲೆ ಕೂತೆ. ಅಷ್ಟೇ. ಕಾಲು ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ, ನನ್ನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟೆ, ಕರ್ ಎನ್ನಲಿಲ್ಲ, ಬಾಗಲಿಲ್ಲ. ಅವ್ವ ಹಿಂದಿನಿಂದ ಏಳಬೇ ಏಳು, ಮಾನಾ ಹೋಗತೈತಿ, ಅಭಿನಂದನ ಮಂಟಪದ ಆಚೆ ಬದಿ ಬಾಸಿಂಗ ಕಟ್ಟಿಕೊಂಡು ನಿಂತಿದ್ದಾನೆ, ನನ್ನನ್ನು ನೋಡಿ ನಗಬೇಕೋ ಬೇಡವೋ ತಿಳಿಯದೆ ಅವನ ಅವ್ವನನ್ನು ನೋಡುತ್ತಾನೆ, ನೋಡು, ನಿನ್ನ ಮಾಳಿಗೆಯ ಗುಟ್ಟು ನಡುಮಂಟಪದಲ್ಲಿ ಕೂತಿದೆ. ಆಯಿ ಬಂದಳು. ಕೋಲು ಊರಿಕೊಂಡು, ನನ್ನ ಮುಖ ನೋಡದೆ ನೇರ ಡಬ್ಬಿಯ ಹತ್ತಿರ ಬಂದು ಬಗ್ಗಿ, ಬದಿಯ ಹಲಗೆಯನ್ನು ಗೆಣ್ಣಿನಿಂದ ತಟ್ಟಿದಳು, ನಾನು ತಟ್ಟುವ ಹಾಗೆಯೇ, ಠಕ್. ಕೊಯ್ದಿ? ಹೌದ ಆಯಿ. ಎಷ್ಟ ತುಕಡಿ? ಒಂದಽ, ಅಂಚ ಕೊಯ್ದ ನಾಕ ಕಿಂಡಿ ತಗದೇನಿ, ಇಡಿಯಾಗಿ ನಿಂತೈತಿ. ತಾವರಿ? ತಾವರಿ ಮುಟ್ಟಿಲ್ಲ ಆಯಿ. ಅವಳ ಕಣ್ಣಲ್ಲಿ ನೀರು ಬಂತು, ಬೀಳಲು ಬಿಡಲಿಲ್ಲ, ನಿನ್ನ ಜೋಡಿ ಆಮ್ಯಾಲ ಮಾತಾಡತೇನಿ ಎಂದಳು, ಅಷ್ಟು ಮೆಲ್ಲಗೆ, ಆಮೇಲೆ ಕೋಲು ನೆಲಕ್ಕೆ ಕುಟ್ಟಿ ಮಂಟಪಕ್ಕೆಲ್ಲ ಕೇಳುವಂತೆ, ಮಣಿ ಡಬ್ಯಾಗ ಐತಿ, ಹುಡುಗಿ ಮಣಿ ಮ್ಯಾಲ ಕುಂತಾಳ, ಇನ್ನ ಅಕ್ಷತಿ ಬೀಳೂಮಟಾ ಯಾರೂ ಎಬ್ಬಸೂಹಂಗಿಲ್ಲ. ಸುತ್ತಿಗೆಯವನು ಸುತ್ತಿಗೆ ಎಲ್ಲಿಡುವುದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡ. ಮಣೆಯೇ, ನೀಲಮತ್ತೆಯ ಕಾಲು ಕಲ್ಲು ಮಾಡಿದ ಮಣೆಯೇ, ಇವತ್ತು ನನ್ನನ್ನು ಕಾಯುತ್ತಿದ್ದೀಯಾ, ಕಾಯಿ, ಚೆನ್ನಾಗಿ ಕಾಯಿ.

ಅಭಿನಂದನನ ಅವ್ವ ನನ್ನ ಎದುರಿಗೆ ಬಂದು ನಿಂತರು, ತಂಬಿಗೆ ಹಿಡಿದು ಹಿಡಿದು ಅವರ ಮಣಿಕಟ್ಟು ಸೋತಿರಬೇಕು, ಆಚೀಚೆ ನೋಡಿದರು, ನೆಲಕ್ಕಿಡುವಂತಿಲ್ಲ, ನನ್ನ ಪಕ್ಕ ಮುಚ್ಚಳದ ಮೇಲೆ ಒಂದು ಗೇಣು ಜಾಗ ಉಳಿದಿತ್ತು, ಅಲ್ಲಿಟ್ಟರು, ಹಿತ್ತಾಳೆಯ ತಂಬಿಗೆ, ಅಂಚಿನವರೆಗೂ ನೀರು, ಇಟ್ಟ ರಭಸಕ್ಕೆ ಒಂದು ಉಂಗುರ ಎದ್ದು ಅಂಚಿಗೆ ಬಂದು ಸತ್ತಿತು. ಬೇಡ, ಇಲ್ಲಿ ಬೇಡ, ಇಷ್ಟು ಜನರ ಮುಂದೆ ಪರೀಕ್ಷೆ ಬೇಡ — ಬೇಕು, ಇಲ್ಲೇ ಬೇಕು, ಇಲ್ಲದಿದ್ದರೆ ಯಾಕೆ ಬಂದು ಕೂತೆ — ಮೇಜಿನ ಕೆಳಗೆ ಆಂಪ್ಲಿಯ ಕೆಂಪು ದೀಪ ಹತ್ತಿತು, ಅಲ್ಲಿ ಮೊಳಕಾಲೂರಿ ಕೂತವನು ಅಪ್ಪ, ಹೊಸ ಧೋತರ ಉಟ್ಟ ಅಪ್ಪ, ಒಂದು ಕೈ ವೈರಿನ ಮೇಲೆ, ಟೋಪಿ ವಾರೆಯಾಗಿದೆ, ಅಪ್ಪ ಎದ್ದು ನಿಂತ, ಗಂಟಲು ಸರಿಮಾಡಿಕೊಂಡ, ಸಭೆಯಲ್ಲಿ ಎಂದೂ ಬಾಯಿ ತೆರೆಯದ ಅಪ್ಪ, ಕೇಳ್ರಿ ಎಲ್ಲಾರೂ, ಇದು ನನ್ನ ಮಗಳು ಮಾಡಿದ ಡಬ್ಬಿ, ಬ್ರಾಹ್ಮಿ ಮಾಡ್ಯಾಳ, ಪ್ಲೈ ಕೋಳಿಗೂಡಿಗೆ ಅಂತ ಹೇಳಿ ತಂದಿದ್ದೆ, ಸುಳ್ಳ ಹೇಳಿದ್ದೆ, ಡಬ್ಬಿ ಮಾಡಾಕ ತಂದದ್ದು, ಎಂದು ಬಗ್ಗಿ ಗುಂಡಿ ಒತ್ತಿದ, ಡೊಳ್ಳು ಬಂತು, ನೆಲದಿಂದಲ್ಲ, ಕಿವಿಯಿಂದಲ್ಲ, ಬೆನ್ನಹುರಿಯಿಂದ ಹತ್ತಿ ಹಲ್ಲಿನ ಬುಡಕ್ಕೆ ಬಂತು, ಪ್ಲೈ ಗೋಡೆ ಬರ್ರ್ ಎಂದಿತು, ನವಿಲಿನ ಕುತ್ತಿಗೆ ಮೇಜಿನ ಮೇಲೆ ಉದುರಿತು, ನನ್ನ ಬಳೆಗಳು ಒಂದಕ್ಕೊಂದು ತಾಗುತ್ತಿವೆ, ಅಭಿನಂದನನ ಬಾಸಿಂಗದ ಮುತ್ತು ನಡುಗುತ್ತಿದೆ, ಯಾರ ಮುಖವನ್ನೂ ನಾನು ನೋಡುತ್ತಿಲ್ಲ, ತಂಬಿಗೆ, ಪಕ್ಕದಲ್ಲಿ ತಂಬಿಗೆ, ಅಂಚಿನವರೆಗೆ ನೀರು, ನೀರಿನಲ್ಲಿ ಮೇಲಿನ ಮಂಟಪದ ಬಟ್ಟೆ, ನನ್ನ ಬಿಚ್ಚಿದ ಕೂದಲು, ಬಗ್ಗಿ ನೋಡುತ್ತಿರುವ ಅಭಿನಂದನನ ಅವ್ವನ ಮೂಗುತಿ, ಒಂದೇ ಮೂಗುತಿ, ಎರಡಲ್ಲ, ನೀರು, ನಡುವೆ ಏನೂ ಹುಟ್ಟುತ್ತಿಲ್ಲ, ಅಂಚಿಗೆ ಏನೂ ಬರುತ್ತಿಲ್ಲ, ಡೊಳ್ಳು, ನೀರು, ಸುಮ್ಮನೆ ನಿಂತ ನೀರು